ಸೇವಂತಿಗೆಯ ಮಜ್ಜಿಗೆ

ನಿನ್ನೆ ಹೌನ್ಸ್ಲೋದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಲಂಡನ್ನಿಗೆ ಅಪರೂಪಕ್ಕೆ ಬರುವ, ಬಂದಾಗ ಹೇಗೆ ತಾಳಬೇಕೆಂದು ಯಾರಿಗೂ ತಿಳಿಯದ ಬಿಸಿಲು. ಬೆನ್ನ ಹಿಂದಿನ ಚೀನೀ ಔಷಧಿಯಂಗಡಿಯ ಬಾಗಿಲು ಯಾರೋ ತೆರೆದರು. ಒಣಗಿದ ಸೇವಂತಿಗೆಯ ವಾಸನೆ ಹೊರಗೆ ಬಂತು. ನಿಮಗೂ ಹೀಗಾಗಿರಬಹುದು, ಮೂಗಿಗೆ ಮೊದಲು ಗೊತ್ತಾಗುತ್ತದೆ, ಎದೆಗೆ ಆಮೇಲೆ. ಆ ವಾಸನೆಯ ಮೇಲೆ ನನಗೆ ಮೊದಲಿನಿಂದಲೂ ಸಂಶಯ.

ನನ್ನ ಹೆಂಡತಿ ಸುಮಿತ್ರಾ ಫೆಲ್ಥಮ್ಮಿನ ಹತ್ತಿರ, ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ತೊಂಬತ್ತರ ದಶಕ ಮುಗಿಯುತ್ತಿತ್ತು. ಇಡೀ ದಿನ ಕೋಲ್ಡ್ ರೂಮಿನಲ್ಲಿ ನಿಂತು ಬಂದವಳು ಮನೆಯಲ್ಲಿ ಮೈಯೆಲ್ಲ ಉರಿ ಎನ್ನುತ್ತಿದ್ದಳು. ವಯಸ್ಸಿನದು, ತಾನೇ ಹೋಗುತ್ತದೆ ಎಂದರು ನಮ್ಮ ಜಿಪಿ ಡಾಕ್ಟರು. ಧಾರವಾಡದ ನಮ್ಮವ್ವನ ಪದ್ಧತಿಯಂತೆ ನೆತ್ತಿಗೆ ಹರಳೆಣ್ಣೆ ಹಚ್ಚಿಕೋ ಎಂದೆ ನಾನು. ಅವಳು ಇಬ್ಬರ ಮಾತನ್ನೂ ಕೇಳಿಸಿಕೊಂಡು ಸೀದಾ ಈ ಚೀನೀ ಅಂಗಡಿಗೆ ಹೋದಳು.

"ನಾಲಗಿ ನೋಡಿ, ಒಳಗ ಉಷ್ಣ ಹೆಚ್ಚಾಗೇತಿ ಅಂದ್ರು," ಎಂದಳು ಬಂದು.

"ಅದನ್ನ ನಮ್ಮವ್ವ ನಿನ್ನ ನಾಲಗಿ ನೋಡದನ ಹೇಳ್ತಿದ್ಲು."

"ಅತ್ತಿ ನಾಲಗಿ ಎಲ್ಲಿ ನೋಡ್ತಿದ್ರು? ಅದು ಏನು ಆಡ್ತು ಅಷ್ಟ ನೋಡ್ತಿದ್ರು."

ಅಂಗಡಿಯವನ ಪ್ರಕಾರ ಫ್ರಿಜ್ಜಿನ ನೀರು ಕೂಡದು, ಸೇವಂತಿಗೆಯನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯಬೇಕು, ಹೆಸರುಕಾಳು ಬೇಯಿಸಿದ ಕಟ್ಟು ಕುಡಿಯಬೇಕು. ಬಿಸಿಲಿಗೆ ಬಿಸಿನೀರು ಹೇಳುವವನನ್ನು ನಂಬುವುದು ಹೇಗೆ? ಹೆಸರುಕಾಳನ್ನಂತೂ ನಮ್ಮ ಡಬ್ಬಿಯಿಂದಲೇ ಕದ್ದು ನಮಗೇ ಹೇಳಿದಂತಿತ್ತು. ಒಂದೊಂದು ಪೊಟ್ಟಣವನ್ನೂ ಏರ್‌ಪೋರ್ಟಿನ ಕಸ್ಟಮ್ಸಿನವರಂತೆ ಬಿಚ್ಚಿ ಮೂಸುತ್ತಿದ್ದೆ. ಜೀರಿಗೆಗೂ ಸೋಂಪಿಗೂ ವ್ಯತ್ಯಾಸ ತಿಳಿಯದ ಮೂಗು ನನ್ನದು.

ಸುಮಿತ್ರಾ ಹೇಳಿದಂತೆ ಮಾಡುವವಳೂ ಅಲ್ಲ. ಹೂವಿನ ನೀರು ಸಪ್ಪೆಯೆಂದು ಅದನ್ನು ಮಜ್ಜಿಗೆಗೆ ಬೆರೆಸಿ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟಳು.

"ಒಗ್ಗರಣಿ ಗೊತ್ತಿಲ್ಲ, ಪಾಪ, ಚೀನಾದವ್ರಿಗೆ," ಎಂದು ನನಗೂ ಒಂದು ಲೋಟ ಕೊಟ್ಟಳು. ರುಚಿಯಾಗಿತ್ತು. ಔಷಧಿ ರುಚಿಯಾಗಿದ್ದರಿಂದ ಸಂಶಯ ಇನ್ನೂ ಹೆಚ್ಚಾಯಿತು. ಉರಿ ಇಳಿಯಿತು ಎಂದಳು. ಸೆಪ್ಟೆಂಬರ್ ಬಂತಲ್ಲ, ಅದಕ್ಕೇ ಎಂದೆ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಆ ಮಜ್ಜಿಗೆ, ಅದೇ ಜಗಳ.

ಕೆಲವು ವರ್ಷಗಳಾದ ಮೇಲೆ ಅವಳ ಕಿಡ್ನಿಗಳು ಕೈಕೊಟ್ಟವು. ಗಿಡಮೂಲಿಕೆ ಏನಾದರೂ ತಗೊಳ್ತಿದ್ದರಾ ಎಂದು ಆಸ್ಪತ್ರೆಯ ಡಾಕ್ಟರು ಕೇಳಿದ್ದೇ ತಡ, ನಾನು ಮನೆಗೆ ಓಡಿದೆ. ಕಪಾಟಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು ಬಂದೆ. ದುಃಖದ ನಡುವೆಯೂ ಒಂದು ಬಗೆಯ ಹುರುಪಿತ್ತು ನನಗೆ. ಇವಳಿಗೆ ಹೀಗೆ ಮಾಡಿದವನು ಸಿಕ್ಕಿದ್ದ.

"ಕಳ್ಳನ್ನ ಹಿಡಕೊಂಡು ಬಂದ್ರೇನು?" ಎಂದಳು ಸುಮಿತ್ರಾ ಮಲಗಿದ್ದಲ್ಲಿಂದಲೇ.

ಆಸ್ಪತ್ರೆಯವರು ಎಲ್ಲವನ್ನೂ ಪರೀಕ್ಷೆ ಮಾಡಿಸಿದರು. ಸೇವಂತಿಗೆ, ಪುದೀನ, ಹೆಸರುಕಾಳು. ಯಾವುದರಲ್ಲೂ ತಪ್ಪಿರಲಿಲ್ಲ. ಈ ಕಾಯಿಲೆ ಅವಳಿಗೆ ತಂದೆಯಿಂದ ಬಂದದ್ದು, ಹುಟ್ಟಿದಾಗಿನಿಂದಲೇ ಒಳಗಿತ್ತು ಎಂದರು. ಇನ್ನೊಮ್ಮೆ ನೋಡಿ ಎಂದೆ. ಡಾಕ್ಟರು ನನ್ನ ಭುಜ ಮುಟ್ಟಿ ಹೋದರು.

ಸುಮಿತ್ರಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಪಾಪ," ಎಂದಳು, "ನಿಮಗ ಬೈಯಾಕ ಯಾರೂ ಸಿಗಲಿಲ್ಲ."

ಮುಂದಿನ ಬೇಸಿಗೆಯ ಹೊತ್ತಿಗೆ ಅವಳಿರಲಿಲ್ಲ. ಆದರೂ ಈ ಅಂಗಡಿಯ ಮುಂದೆ ಹಾದಾಗಲೆಲ್ಲ ಒಳಗಿದ್ದವರನ್ನು ದುರುಗುಟ್ಟಿ ನೋಡುತ್ತಿದ್ದೆ. ಪರೀಕ್ಷೆ ಏನೇ ಹೇಳಲಿ, ಯಾರಾದರೊಬ್ಬರು ಬೇಕಿತ್ತು ನನಗೆ.

ನಿನ್ನೆ ಯಾಕೋ ಒಳಗೆ ಹೋದೆ. ಕೌಂಟರಿನ ಹಿಂದಿದ್ದ ಚೀನೀ ಮುದುಕ ಕುರ್ಚಿ ತೋರಿಸಿ ನಾಡಿ ಹಿಡಿದ. ಬೆರಳುಗಳು ತಣ್ಣಗಿದ್ದವು. ಮುರುಕು ಇಂಗ್ಲಿಷಿನಲ್ಲಿ ನಿದ್ದೆಯ ವಿಷಯ ಕೇಳಿದ. ಪರವಾಗಿಲ್ಲ ಎಂದೆ. ಹಸಿವೆ ಕೇಳಿದ. ಅದೂ ಪರವಾಗಿಲ್ಲ ಎಂದೆ. ಇವನಿಗೇಕೆ ಎಲ್ಲ ಹೇಳಬೇಕು?

"ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

"ನಾನೇ," ಎಂದೆ. "ನನ್ನ ಹೆಂಡತಿ ತೀರಿಕೊಂಡಳು."

ಇಷ್ಟು ದಿನ ಆ ಮಾತನ್ನು ಬೇರೆಯವರೇ ನನಗೆ ಹೇಳುತ್ತಿದ್ದರು. ನಾನಾಗಿ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಮುದುಕ ಹಿಡಿದ ಕೈ ಬಿಡಲಿಲ್ಲ. ಇದೂ ವ್ಯಾಪಾರದ ಒಂದು ಬಗೆ ಇರಬಹುದು ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಇದ್ದರೆ ಇರಲಿ ಎಂದುಕೊಂಡು ಕೂತೇ ಇದ್ದೆ.