ಅಭಿಲಾಷ ಕೊಟ್ಟ ಸಾಧು ಮೀನು

ತಿಂಗಳಿಗೊಮ್ಮೆ ಹತ್ತು ಕಿಲೋ ಉಪ್ಪು ಹೊತ್ತು ನಮ್ಮ ಕಟ್ಟಡದ ಮೆಟ್ಟಿಲು ಹತ್ತುವ ಕಾಶಪ್ಪನವರು ಉಪ್ಪಿನಕಾಯಿ ವ್ಯಾಪಾರಿ ಎಂದೇ ನಾನು ನಂಬಿದ್ದೆ. ಒಮ್ಮೆ ಖಾಲಿ ಭರಣಿ ಹಿಡಿದು ಬಾಗಿಲು ತಟ್ಟಿದ್ದೂ ಉಂಟು. ಅವರು ನಗುತ್ತ ಒಳಗೆ ಕರೆದು, ಆ ಉಪ್ಪು ಕರಗಿಸಿ ಗಾಜಿನ ತೊಟ್ಟಿಯಲ್ಲಿ ಮಾಡಿದ ಸಮುದ್ರ ತೋರಿಸಿದರು. ಚಾಕಣದ ಕಾರ್ಖಾನೆಯ ಈ ಫಿಟರ್, ಅದರ ಹವಳಗಳ ನಡುವೆ ಮೂರು ವರ್ಷದಿಂದ ಒಂದು ಪುಟ್ಟ ಹಳದಿ ಮೀನು ಸಾಕಿದ್ದರು. ಅದು ಅವರ ಬೆರಳಿನಿಂದಲೇ ತಿನ್ನುತ್ತಿತ್ತು.

ಅವರಿಗೆ ಈ ವಿದ್ಯೆ ಕಲಿಸಿದ ಗುರು ಮಗರಪಟ್ಟಾದ ಅಭಿಲಾಷ. ಕಳೆದ ತಿಂಗಳು ಆತ ತನ್ನ ತೊಟ್ಟಿಯ ರಾಸ್ ಎಂಬ ಜಾತಿಯ ಪಟ್ಟೆಪಟ್ಟೆ ಮೀನೊಂದನ್ನು ಇವರಿಗೆ ಉಡುಗೊರೆ ಕೊಟ್ಟ.

"ತುಂಬಾ ಸಾಧು ಮೀನು ಅಂಕಲ್. ನಿಮ್ಮನ್ನ ನಂಬಿ ಕೊಡ್ತಿದೀನಿ."

ಕಾಶಪ್ಪ ಗುರುವಿಗೆ ಶಾಲು ಹೊದಿಸಿ, ಕಟ್ಟಡಕ್ಕೆಲ್ಲ ಪೇಢೆ ಹಂಚಿದರು. ನಾಲ್ಕೇ ದಿನದಲ್ಲಿ ರಾಸ್ ಆ ಹಳದಿ ಮೀನನ್ನು ಕಚ್ಚಿ ಕಚ್ಚಿ ಕೊಂದಿತು.

ಏನು ತಪ್ಪಾಯಿತೆಂದು ಕೇಳಲು ಗುರುವಿನ ಮನೆಗೆ ಹೋದರೆ, ಬಾಗಿಲು ತೆರೆದದ್ದು ಆತನ ಹೆಂಡತಿ ಇಂಪನಾ.

"ಥ್ಯಾಂಕ್ಸ್ ಅಂಕಲ್! ಆ ರೌಡಿನ ನೀವು ತಗೊಂಡೋದ್ಮೇಲೆ ನಮ್ಮ ಟ್ಯಾಂಕಲ್ಲಿ ಒಂದು ಮೀನೂ ಸತ್ತಿಲ್ಲ."

ಕಾಶಪ್ಪ ಚಹಾ ಮುಟ್ಟದೆ ಎದ್ದು ಬಂದರು. ಸಂಜೆ ನಾನು, ಹಿರಿಯನ ಗತ್ತಿನಲ್ಲಿ ಸಮಾಧಾನ ಹೇಳಲು ಹೋಗಿ ಕೇಳಿದೆ: "ಆ ಮೀನನ್ನ ಕ್ಷಮಿಸಿದ್ರೇನು?"

"ಮೀನೇನ್ ನನಗ ಸುಳ್ಳು ಹೇಳಿತ್ತೇನ್ರಿ?" ಎಂದರು.