ಹೊರೆ ಇಳಿಸುವ ಕಲ್ಲು

ಎಂದಿನಂತೆ ಎದ್ದು ಬಚ್ಚಲ ಒಲೆಗೆ ತೆಂಗಿನ ಒಣ ಮಡಲು ತುರುಕಿ, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿ, ಗಂಜಿಗೆ ಅಕ್ಕಿ ತೊಳೆದಿಟ್ಟೆ. ಅತ್ತೆಗೆ ಕಿವಿ ಮಂದ. ಹಾಗಾಗಿ ನಮ್ಮ ಮನೆಯ ಬೆಳಗಿನ ಮಾತೆಲ್ಲ ಕೈಸನ್ನೆಯಲ್ಲೇ ಮುಗಿಯುತ್ತಿತ್ತು. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಮಳೆಗಾಲಕ್ಕೊಮ್ಮೆ ಬಂದರೆ ಬಂದರು. ಬಾರ್ಕೂರಿಗೆ ಸೊಸೆಯಾಗಿ ಬಂದ ನನಗೆ ಅದು ಮೂರನೆಯ ಬೇಸಿಗೆ.

ಆದರೆ ಅವತ್ತು ಇನ್ನೊಂದು ಹಾಸಿಗೆ ಬಿಚ್ಚಿ ಬಿಸಿಲಿಗೆ ಹಾಕಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ, ಹಿಂದೊಮ್ಮೆ ರಾಜಧಾನಿಯಾಗಿದ್ದ ನಮ್ಮ ಬಾರ್ಕೂರನ್ನು ನೋಡಲು ಬರುವವಳಿದ್ದಳು. ಒಂದು ರಾತ್ರಿಯಾದರೂ ಉಳಿದಾಳು, ದೀಪ ಆರಿಸಿದ ಮೇಲೂ ಮಾತಾಡಬಹುದು ಎಂಬುದೊಂದೇ ನನ್ನ ಆಸೆ.

ಬಸ್ಸಿಳಿದವಳನ್ನು ಮೊದಲು ಎಲ್ಲರೂ ನೋಡುವ ಕತ್ತಲೆ ಬಸದಿಗೆ ಕರೆದೊಯ್ದೆ. ಆಮೇಲೆ ನಾನು ಒಬ್ಬಳೇ ಹೋಗಿ ಕೂರುತ್ತಿದ್ದ ಜಾಗಗಳಿಗೆ. ಕೆರೆಯ ಮೂಲೆಯ ಮೆಟ್ಟಿಲು, ಮಧ್ಯಾಹ್ನ ಅಲ್ಲಿ ಏಡಿಗಳು ಮೈ ಒಣಗಿಸುತ್ತವೆ. ಅಕ್ಷರ ಸವೆದ ಶಾಸನದ ಕಲ್ಲು, ಅದರ ನೆತ್ತಿಯ ಮೇಲೆ ಯಾರೋ ದಿನವೂ ಒಂದು ದಾಸವಾಳ ಇಡುತ್ತಾರೆ. ಕೋಟೆಯೊಳಗಿನ ಹುಲ್ಲು ದಿಬ್ಬ.

"ಅರಮನೆ ಎಲ್ಲಿ ಮಾರಾಯ್ತಿ?"

"ನೀನು ನಿಂತದ್ದೇ ಅರಮನೆ."

"ಹಾಗಾದರೆ ರಾಜ ದನವಾ?" ಎಂದು ಮೇಯುತ್ತಿದ್ದ ಹಸುವನ್ನು ತೋರಿಸಿ ನಕ್ಕಳು. ನಾನೂ ನಕ್ಕೆ.

ಕೊನೆಗೆ ನಮ್ಮ ಓಣಿಯ ತಿರುವಿನ ಕಲ್ಲು. ಎರಡು ಕಂಬದ ಮೇಲೆ ಅಡ್ಡ ಚಪ್ಪಡಿ, ಆಳೆತ್ತರ. ಸಂತೆಯಿಂದ ಬರುವವರು ತಲೆಹೊರೆಯನ್ನು ಇದರ ಮೇಲಿಟ್ಟು ಸುಧಾರಿಸಿಕೊಳ್ಳುತ್ತಾರೆ, ಇಳಿಸಲಿಕ್ಕೆ ಕೈಜೋಡಿಸುವವರಿಲ್ಲದವರಿಗಾಗಿ ಹಿಂದಿನವರು ನಿಲ್ಲಿಸಿದ್ದು ಎಂದೆ. ಕಲ್ಲಿನ ಎದುರಿಗೇ ನೆರೆಮನೆ. ಜಗಲಿಯಲ್ಲಿ ಹುಣಸೆಬೀಜ ಬಿಡಿಸುತ್ತಿದ್ದ ಮುದುಕಿ ತಲೆ ಎತ್ತಿದರು. ನಾನು ಎಂದಿನಂತೆ ನಕ್ಕು ಮುಂದೆ ನಡೆದೆ. ಕರೆಯದ ಮನೆಗೆ ಕಾಲಿಡಬಾರದೆಂದು ಸಿಸ್ಟರುಗಳು ಕಲಿಸಿದ್ದರು. ಆ ಮನೆಯವರು ಒಮ್ಮೆಯೂ ಕರೆದಿರಲಿಲ್ಲ.

ಗೆಳತಿ ಕಲ್ಲನ್ನು ಒಮ್ಮೆ ಮುಟ್ಟಿದಳು. "ಮಧ್ಯಾಹ್ನದ ಬಸ್ಸು ಎಷ್ಟು ಗಂಟೆಗೆ?" ಎಂದಳು.

ಊಟಕ್ಕೆ ಮಾತ್ರ ನಿಂತಳು. ಹಾಸಿಗೆಯ ವಿಷಯ ನಾನು ಎತ್ತಲೇ ಇಲ್ಲ. ಬಸ್ಸು ಎಬ್ಬಿಸಿದ ಕೆಂಪು ಧೂಳು ಕೂರುವ ತನಕ ರಸ್ತೆಯಲ್ಲಿ ನಿಂತಿದ್ದೆ. ಮನೆಗೆ ಹಿಂತಿರುಗಿ ಬಿಸಿಲಿನಲ್ಲಿದ್ದ ಹಾಸಿಗೆಯನ್ನು ಸುತ್ತಿದೆ. ಇನ್ನೂ ಬೆಚ್ಚಗಿತ್ತು.

ಸಂಜೆ ತುಳಸಿಗೆ ದೀಪ ಇಡುವಾಗ ಆ ಮುದುಕಿ ಬೇಲಿಯ ಆಚೆ ಕರುವನ್ನು ಕಟ್ಟುತ್ತಿದ್ದರು.

"ನಿನ್ ನೆಂಟ್ರ್ ಹೋದ್ರಾ ಹೆಣೆ? ನಮ್ಮನಿ ಎದ್ರಂಗೇ ಹ್ವಾದ್ರಿ. ಒಂದ್ ಆಸ್ರಿ ಕುಡ್ದ್ ಹೋಪುಕಾಗ್ದಾ?"

"ನೀವು ಕರೆಯಲಿಲ್ಲವಲ್ಲ ಅಮ್ಮ" ಎಂದುಬಿಟ್ಟೆ. ಮೂರು ಬೇಸಿಗೆ ಒಳಗಿಟ್ಟುಕೊಂಡಿದ್ದ ಮಾತು.

ಅವರು ಕರುವಿನ ಹಗ್ಗ ಬಿಗಿಯುತ್ತಲೇ, ನನ್ನ ಕಡೆ ನೋಡದೆಯೇ ಹೇಳಿದರು:

"ನೆರೆಮನಿಗ್ ಬಪ್ಪುಕೆ ಯಾರಾರೂ ಕರಿತ್ರಾ? ಕರೂದ್ ನೆಂಟ್ರನ್ನ ಮಾತ್ರ. ನಾನ್ ಎಣ್ಸಿದ್ದ್, ಕಾನ್ವೆಂಟಿನ್ ಹುಡ್ಗಿಗೆ ನಮ್ಮನಿ ಚಾ ಮೆಚ್ಚುದಿಲ್ಲ ಅಂದೇಳಿ."