ಅಕ್ಕೋರು ಓದದ ನೋಟ್‌ಬುಕ್ಕು

ಹೋದ ವಾರ ಸೊಸೆ ಹೊಸ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಮನೆ ತುಂಬ ಹರಡಿತು. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ಓದುತ್ತಿದ್ದ ಸಾಲು ಅಲ್ಲಿಗೇ ನಿಂತಿತು. ಗಂಜಿ ಹಾಕಿದ ನೂಲಿನ ಸೀರೆಯ ವಾಸನೆ, ನೆನಪಿನಲ್ಲಿ ಅದಕ್ಕೆ ಬೆರೆತ ಒಂದಿಷ್ಟು ಡೀಸೆಲ್ ವಾಸನೆ... ಎರಡೂ ಕೂಡಿದರೆ ನನ್ನ ಪಾಲಿಗೆ ಬೆಳಗಿನ ಏಳೂವರೆ ಗಂಟೆ, ಇಳಕಲ್ ಬಸ್ ಸ್ಟ್ಯಾಂಡು, ಮತ್ತು ಅಕ್ಕೋರು.

ನಾನಾಗ ಬಸ್ ಡ್ರೈವರ್. ಸಂಜೆ ಬಾಗಲಕೋಟೆ ಬಿಟ್ಟು ಅಮೀನಗಡ, ಹುನಗುಂದ ದಾಟಿ ಇಳಕಲ್‌ಗೆ ಹೋಗುವುದು, ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಅದೇ ಗಾಡಿ ತಿರುಗಿಸಿಕೊಂಡು ಬರುವುದು. ವಸ್ತಿ ಡ್ಯೂಟಿ ಅನ್ನುತ್ತಾರೆ ಅದಕ್ಕೆ. ಬೆಳಗಿನ ಆ ಗಾಡಿಗೆ ಇಳಕಲ್‌ನಲ್ಲಿ ಮೊದಲು ಹತ್ತುತ್ತಿದ್ದವರು ಅಕ್ಕೋರು, ಅಂದರೆ ಶಾಲೆಯ ಟೀಚರು. ಹುನಗುಂದದ ಆಚೆ ಒಂದು ಕ್ರಾಸಿನಲ್ಲಿ ಇಳಿದು, ಒಂದು ಮೈಲು ನಡೆದು ಹೋಗಿ ಎರಡನೆಯ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಗಂಜಿ ಹಾಕಿದ ಇಳಕಲ್ ಸೀರೆ, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಹೆಗಲಿಗೆ ಬಟ್ಟೆಯ ಚೀಲ. ನನ್ನ ಹಿಂದಿನ ಮೊದಲ ಸೀಟು ಅವರದು. ವರ್ಷಗಟ್ಟಲೆ ನಮ್ಮ ನಡುವೆ ಎರಡೇ ಮಾತು. ಹತ್ತುವಾಗ ಅವರು "ನಮಸ್ಕಾರ್ರಿ" ಅನ್ನುವುದು, ಇಳಿಯುವಾಗ ನಾನು "ಸಾವಕಾಶ ಇಳೀರಿ ಅಕ್ಕೋರ" ಅನ್ನುವುದು.

ಆ ವರ್ಷ ನನ್ನ ಅವ್ವ ತೀರಿಕೊಂಡಳು. ಆರು ತಿಂಗಳು ಹಾಸಿಗೆ ಹಿಡಿದಿದ್ದಳು. ಅವಳ ಜೀವ ಹೋದಾಗ ನಾನು ಇಳಕಲ್‌ನಲ್ಲಿ ವಸ್ತಿ ಇದ್ದೆ. ಮನೆಯಿಂದ ಏಳು ಸಲ ಫೋನ್ ಬಂದಿತ್ತು. ದಣಿದು ಮಲಗಿದ್ದ ನನಗೆ ಎಚ್ಚರವೇ ಆಗಿರಲಿಲ್ಲ. ಅದಾದ ಮೇಲೆ ಇಳಕಲ್‌ನ ಆ ಕಬ್ಬಿಣದ ಮಂಚದ ಮೇಲೆ ಬೆನ್ನು ಹಚ್ಚಿದರೆ ಸಾಕು, ಕಿವಿ ಫೋನಿನ ಕಡೆಗೆ ಹೋಗುತ್ತಿತ್ತು. ಇನ್ನು ಯಾರೂ ಕರೆಯುವವರಿಲ್ಲ ಎಂದು ಗೊತ್ತಿದ್ದರೂ ಕಣ್ಣು ಮುಚ್ಚಲು ಹೆದರಿಕೆ. ಹಗಲು ಮನೆಯಲ್ಲೂ ಅದೇ ಗತಿ. ಹೆಂಡತಿ ದವಾಖಾನೆಗೆ ನಡೆಯಿರಿ ಅಂದಳು. ತೋರಿಸಿದೆ. ಕೊಟ್ಟ ಗುಳಿಗೆ ನುಂಗಿದರೆ ಮರುದಿನ ಮಧ್ಯಾಹ್ನದವರೆಗೂ ತಲೆ ಜೋಮು. ನುಂಗುವುದನ್ನು ಬಿಟ್ಟೆ. ಯಾರಿಗೂ ಹೇಳದೆ ಗಾಡಿ ಹೊಡೆಯುತ್ತಲೇ ಇದ್ದೆ.

ಒಂದು ಬೆಳಿಗ್ಗೆ ಹುನಗುಂದ ದಾಟಿ ಸ್ವಲ್ಪ ಮುಂದೆ ಬಂದಿದ್ದೆವು. ರಸ್ತೆ ಖಾಲಿ. ಒಮ್ಮೆಲೇ ಗಾಲಿಯ ಕೆಳಗೆ ಜಲ್ಲಿಕಲ್ಲು ಸಿಡಿದ ಸಪ್ಪಳ. ಕಣ್ಣು ಬಿಟ್ಟರೆ ಗಾಡಿ ಡಾಂಬರು ಬಿಟ್ಟು ರಸ್ತೆಯ ಅಂಚಿಗೆ ಇಳಿದಿತ್ತು. ಎದುರಿಗೆ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸು. ನಾನು ಬ್ರೇಕ್ ಒತ್ತುವಷ್ಟರಲ್ಲಿ ಅವಳು ಹೊರೆ ಒಗೆದು ಪಕ್ಕದ ತಗ್ಗಿಗೆ ಹಾರಿದ್ದಳು. ಗಾಡಿ ನಿಂತಾಗ ಆ ಹೊರೆ ನನ್ನ ಮುಂದಿನ ಗಾಲಿಯ ಕೆಳಗಿತ್ತು.

"ಏನಾತ್ರೀ? ನಾಯಿ ಅಡ್ಡ ಬಂತೇನು?" ಕಂಡಕ್ಟರ್ ಹಿಂದಿನಿಂದ ಕೂಗಿದ.

"ಹೂಂ, ನಾಯಿ," ಅಂದೆ.

ಹೆಂಗಸು ಎದ್ದು ನಿಂತು ಸೀರೆ ಜಾಡಿಸಿಕೊಳ್ಳುತ್ತ ನನ್ನ ವಂಶವನ್ನೆಲ್ಲ ಬಯ್ಯುತ್ತಿದ್ದದ್ದು ಪಕ್ಕದ ಕನ್ನಡಿಯಲ್ಲಿ ಕಾಣುತ್ತಿತ್ತು. ಎದ್ದಳಲ್ಲ, ಪೆಟ್ಟಾಗಿಲ್ಲ ಎಂದುಕೊಂಡೆ. "ಹೊಂಡ್ರಿ, ತಡಾ ಆಗಾಕತ್ತೈತಿ" ಎಂದು ಯಾರೋ ಅಂದರು. ಇಳಿದು ಹೋಗಿ ಒಂದು ಮಾತು ಕೇಳಲಿಲ್ಲ. ಗಾಡಿ ತೆಗೆದುಬಿಟ್ಟೆ.

ತಮ್ಮ ಕ್ರಾಸಿನಲ್ಲಿ ಇಳಿದ ಅಕ್ಕೋರು ಎಂದಿನಂತೆ ನಡೆದು ಹೋಗಲಿಲ್ಲ. ಗಾಡಿ ಸುತ್ತು ಹಾಕಿ ನನ್ನ ಕಿಟಕಿಯ ಕೆಳಗೆ ಬಂದು ನಿಂತರು.

"ಡ್ರೈವರ್ ಸಾಹೇಬ್ರ, ನಾಯಿ ಇರಲಿಲ್ರಿ. ನೀವು ಕಣ್ಣು ಮುಚ್ಚಿದ್ರಿ. ನಾ ಕನ್ನಡಿಯೊಳಗ ನೋಡೇನಿ."

ನಾನು ಗಾಡಿ ತೆಗೆಯಲು ಗೇರಿಗೆ ಕೈ ಹಾಕಿದೆ.

"ಕೆಳಗ ಇಳೀರಿ. ಮಾರಿ ತೊಳ್ಕೊಂಡು, ಅಲ್ಲಿ ಚಹಾ ಕುಡದು ಗಾಡಿ ತಗೀರಿ. ಬಾಗಲಕೋಟಿ ಮುಟ್ಟಿದ ಕೂಡ್ಲೆ ಡಿಪೋಕ್ಕ ಹೋಗಿ ಖರೆ ಏನೈತಿ ಅದನ್ನ ಹೇಳ್ರಿ. ನೀವು ಹೇಳಲಿಲ್ಲಾಂದ್ರ ನಾಳೆ ಸಾಲಿ ಬಿಟ್ಟು ನಾನ ಬಂದು ಹೇಳ್ತೇನಿ."

"ನನ್ನ ನೌಕರಿ ಹೋಗ್ತೈತ್ರಿ ಅಕ್ಕೋರ."

"ಒಮ್ಮಿ ಹೊಳ್ಳಿ ನೋಡ್ರಿ, ಒಳಗ ಎಷ್ಟು ಮಂದಿ ಕುಂತಾರ," ಅಂದರು. ಅವರ ದನಿ ಏರಿರಲಿಲ್ಲ. ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದು ಕೊಟ್ಟರು. ಅರ್ಧ ಬಾಟಲಿ ನೀರು ಮುಖಕ್ಕೆ ಹೊಡೆದುಕೊಂಡೆ.

ಡಿಪೋದ ಸಾಹೇಬರ ಎದುರು ನಿಂತು ಎಲ್ಲ ಹೇಳಿದೆ. ಬಯ್ದರು, ಬಯ್ದು ಮುಗಿದ ಮೇಲೆ ಕೂಡಲು ಕುರ್ಚಿ ತೋರಿಸಿದರು. ನೌಕರಿ ಹೋಗಲಿಲ್ಲ. ನಿದ್ದೆ ಸರಿಯಾಗಿ ಡಾಕ್ಟರು ಬರೆದುಕೊಡುವವರೆಗೂ ಸ್ಟೇರಿಂಗ್ ಮುಟ್ಟಬಾರದು, ಇಳಕಲ್‌ನಲ್ಲೇ ಉಳಿದು ಅಲ್ಲಿನ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಗಾಡಿಗಳು ಬಂದು ಹೋಗುವ ವೇಳೆ ಬರೆಯುತ್ತ ಕೂಡಬೇಕು ಎಂದಾಯಿತು.

ಮರುದಿನ ಬೆಳಿಗ್ಗೆ ಆ ಕೋಣೆಯ ಕಿಟಕಿಯಲ್ಲಿ ನನ್ನನ್ನು ಕಂಡ ಅಕ್ಕೋರ ಮುಖ ಸಡಿಲಾಯಿತು. "ರಾತ್ರಿ ಮಲಗಿದ್ರೇನು?" ಎಂದು ಕೇಳಿದರು. ಇಲ್ಲ ಅಂದೆ. ಅದರ ಮರುದಿನವೂ ಕೇಳಿದರು. ರಾತ್ರಿಯೆಲ್ಲ ಕಿವಿ ಫೋನಿನ ಕಡೆಗೇ ಇರುತ್ತದೆ ಅಂದೆ. ಮೂರನೆಯ ದಿನ ಕಿಟಕಿಯಿಂದ ಒಂದು ನೋಟ್‌ಬುಕ್ ಒಳಗೆ ಸರಿಸಿದರು. ಶಾಲೆಯ ಮಕ್ಕಳು ಬರೆಯುವಂಥದ್ದು, ಮೇಲೆ ಹೆಸರು, ಇಯತ್ತೆ ಬರೆಯಲು ಚೌಕು.

"ಹಾಸಗಿಗೆ ಹೋಗೂ ಮೊದ್ಲ ಇದರಾಗ ಬರೀರಿ. ತಲಿಯೊಳಗ ಏನೇನ ತಿರಗತೈತಿ, ಕಾಗದದ ಮ್ಯಾಲ ಇಳಸ್ರಿ. ನಾಳೆ ಮಾಡೂ ಕೆಲಸ ಇದ್ರ ಅದನ್ನೂ ಬರದು ಅಲ್ಲೇ ಬಿಡ್ರಿ, ಜೋಡಿ ಹಾಸಗಿಗೆ ಒಯ್ಯಬ್ಯಾಡ್ರಿ. ಆ ಫೋನ್ ಮಾತ್ರ ದೂರ ಇಡ್ರಿ."

"ನಾ ಏಳನೇತ್ತೆ ಕಲ್ತಾಂವ್ರಿ. ನನಗೆಲ್ಲಿ ಬರಿಯಾಕ ಬರತೈತಿ?"

"ನಾ ಎರಡನೇತ್ತೆದವ್ರಿಗೆ ಕಲಸಾಕಿ. ನೀವು ಐದು ವರ್ಷ ಮುಂದ ಅದೀರಿ." ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಬರದದ್ದು ಕಾಣಬೇಕು, ಅಷ್ಟ. ನಾ ಓದೂದಿಲ್ಲ. ಯಾರರ ಓದ್ತಾರ ಅಂತ ಗೊತ್ತಾದ್ರ ಮನಷ್ಯಾ ಚಂದ ಬರೀತಾನ, ಖರೆ ಬರಿಯೂದಿಲ್ಲ."

ಮೊದಲ ರಾತ್ರಿ ಒಂದೇ ಸಾಲು ಬರೆದೆ: ಇವತ್ತು ಬರೆಯಲು ಏನೂ ಇಲ್ಲ. ಎರಡನೆಯ ರಾತ್ರಿ ಹಗಲೆಲ್ಲ ಬರೆದ ಗಾಡಿಗಳ ವೇಳೆಯನ್ನೇ ಮತ್ತೊಮ್ಮೆ ಬರೆದಿಟ್ಟೆ. ನನಗೇ ನಾಚಿಕೆಯಾಯಿತು. ಬೆಳಿಗ್ಗೆ ಅಕ್ಕೋರಿಗೆ ದೂರದಿಂದ ಹಾಳೆ ತಿರುವಿ ತೋರಿಸುತ್ತಿದ್ದೆ. ಅವರು ಮಕ್ಕಳಿಗೆ ಹೇಳುವಂತೆ "ಶಾಬ್ಬಾಸ್" ಅಂದು ಬಸ್ಸು ಹತ್ತುತ್ತಿದ್ದರು. ದಿನಕ್ಕೆ ಐದು ಸಾಲು, ಆಮೇಲೆ ಹತ್ತು. ಅವ್ವನ ಬಗ್ಗೆ ಬರೆಯತೊಡಗಿದೆ. ಅವಳು ಹಳೆಯ ಬಾಗಲಕೋಟೆಯ ಮನೆ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಅಡುಗೆಮನೆಯ ಒಂದು ಕಲ್ಲು ಕಿತ್ತುಕೊಂಡು ನವನಗರಕ್ಕೆ ತಂದದ್ದು, ಹಾಸಿಗೆ ಹಿಡಿಯುವವರೆಗೂ ಅದರ ಮೇಲೇ ಕೂತು ರೊಟ್ಟಿ ಬಡಿದದ್ದು... ಆ ಏಳು ಸಲದ ಫೋನಿನ ಬಗ್ಗೆಯೂ ಬರೆದೆ. ಬರೆದ ರಾತ್ರಿ ಅತ್ತೆ. ಎರಡು ಮೂರು ತಾಸು ನಿದ್ದೆ ಹತ್ತಿತು.

ಆದರೆ ಅದಕ್ಕಿಂತ ಹೆಚ್ಚು ಬರಲಿಲ್ಲ. ಒಂದು ವಿಷಯದ ಸುತ್ತ ಪೆನ್ನು ಸುಳಿದಾಡಿ ಹಿಂದೆ ಬರುತ್ತಿತ್ತು. ಮೂರನೆಯ ವಾರದ ಒಂದು ರಾತ್ರಿ ಗಟ್ಟಿ ಮನಸ್ಸು ಮಾಡಿ ಆ ಹೊರೆಯ ಹೆಂಗಸಿನ ಬಗ್ಗೆ ಬರೆದೆ. ಅವಳು ಹಾರಿದಾಗ ಮೇಲೆದ್ದ ಬಿಳಿಯ ಅಂಗಾಲುಗಳು. ನಾನು ಹೇಳಿದ ನಾಯಿಯ ಸುಳ್ಳು. ಇಳಿಯದೆ ಹೋದದ್ದು. ನಾಲ್ಕು ಪುಟ ತುಂಬಿತು, ಬೆರಳು ನೋಯುತ್ತಿದ್ದವು. ನೋಟ್‌ಬುಕ್ ಮುಚ್ಚಿಟ್ಟು ಮಲಗಿದವನನ್ನು ಬೆಳಿಗ್ಗೆ ಯಾರೋ ಅಲುಗಾಡಿಸಿ ಎಬ್ಬಿಸಬೇಕಾಯಿತು.

"ಅಕ್ಕೋರ, ರಾತ್ರಿಯೆಲ್ಲ ನಿದ್ದಿ ಬಂತ್ರಿ!" ಅವರು ಬಸ್ ಸ್ಟ್ಯಾಂಡಿಗೆ ಕಾಲಿಡುವ ಮೊದಲೇ ಎದುರು ಹೋಗಿ ಹೇಳಿದೆ.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಆ ಹೆಣ್ಣಮಗಳ ಬಗ್ಗೆ ಬರದ್ರಿ, ಹೌದಲ್ಲ?"

ಹೌದೆಂದು ತಲೆ ಅಲ್ಲಾಡಿಸಿದೆ.

"ಹಂಗಾರ ಐತವಾರ ಹೋಗೋಣು. ನಾನೂ ಬರ್ತೇನಿ. ಆವತ್ತು ನಾನೂ ಬಸ್ಸಿನ್ಯಾಗ ಇದ್ದೆ. ನಾನೂ ಇಳೀಲಿಲ್ಲ."

ರವಿವಾರ ಆ ಜಾಗಕ್ಕೆ ಸಮೀಪದ ಊರಿಗೆ ಹೋಗಿ ಕೇಳಿದೆವು. ಹುಡುಕುವುದು ಕಷ್ಟವಾಗಲಿಲ್ಲ, ಬಸ್ಸಿಗೆ ಸಿಗದೆ ತಪ್ಪಿಸಿಕೊಂಡವಳ ಕಥೆ ಊರಿಗೆಲ್ಲ ಗೊತ್ತಿತ್ತು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಮೊಣಕೈಯಲ್ಲಿ ಗಾಯ ಒಣಗಿದ ಕಲೆ. ನಾನು ಯಾರೆಂದು ಹೇಳಿದ ಕೂಡಲೇ ಮೊರ ಕೆಳಗಿಟ್ಟಳು.

"ಅಂವಾ ನೀನೇನು? ನಿನ್ನ ಕಣ್ಣಿಗೇನಾಗಿತ್ತೋ?"

"ಮುಚ್ಚಿದ್ವು ಯವ್ವಾ. ನಿದ್ದಿ ಗೆಟ್ಟಿದ್ದೆ. ನಂದ ತಪ್ಪು. ಇಳದು ನೋಡಲಿಲ್ಲ, ಅದು ದೊಡ್ಡ ತಪ್ಪು."

ಅವಳು ಬಯ್ಯುತ್ತಾಳೆ ಎಂದು ಕಾಯುತ್ತಿದ್ದೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬೇರೆಯೇ ದನಿಯಲ್ಲಿ ಹೇಳಿದಳು: "ಅವತ್ತಿಂದ ನನಗೂ ನಿದ್ದಿಲ್ಲೋ ತಮ್ಮಾ. ಕಣ್ಣು ಮುಚ್ಚಿದ್ರ ಬಸ್ಸು ಮೈಮ್ಯಾಲ ಬರತೈತಿ. ಮನ್ಯಾಗ ಹೇಳಿದ್ರ ನಗತಾರ."

ನಾನು ಚೆನ್ನಾಗಿ ಮಲಗಿ ಎದ್ದು, ಆ ಸಂತೋಷದಲ್ಲೇ ಅಲ್ಲಿಗೆ ಹೋಗಿದ್ದೆ.

ಅಕ್ಕೋರು ಅವಳ ಪಕ್ಕ ಕಟ್ಟೆಯ ಮೇಲೆ ಕೂತರು. ಮೊರವನ್ನು ತಮ್ಮ ತೊಡೆಗೆ ಎಳೆದುಕೊಂಡು ಕಡಲೆಯಲ್ಲಿನ ಹರಳು ಆರಿಸುತ್ತ, "ನಾವು ನಗೂದಿಲ್ಲ. ಹೇಳವಾ, ಮೊದಲಿಂದ ಹೇಳು," ಅಂದರು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಹೇಳಿದಳು. ಹೊರೆ ಕಟ್ಟಿದ್ದು, ಹಗ್ಗ ಸಡಿಲಾಗಿದ್ದು, ಹಿಂದೆ ಬಸ್ಸಿನ ಸಪ್ಪಳ ಕೇಳಿದ್ದು, ತಗ್ಗಿನಲ್ಲಿ ಬಿದ್ದಾಗ ಮಗಳ ಮದುವೆ ನೆನಪಾದದ್ದು. ಹೇಳಿದ್ದನ್ನೇ ಮತ್ತೆ ಹೇಳಿದಳು. ನಾನು ಕಣ್ಣು ಕೆಳಗೆ ಮಾಡದೆ ಕೇಳಿದೆ. ಮುಗಿದ ಮೇಲೆ ಒಳಗೆ ಹೋಗಿ ಇಬ್ಬರಿಗೂ ಮಜ್ಜಿಗೆ ತಂದಳು.

"ನಿನ್ನ ಮಾರಿ ನೋಡಿದ್ನಲ್ಲ, ಇನ್ನ ಬರತೈತಿ ಬಿಡು ನಿದ್ದಿ," ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ತಿರುಗಿ ಬರುವಾಗ ಅಕ್ಕೋರು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು. "ಛಲೋ ಮಾಡಿದಿ ತಮ್ಮಾ." ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಹೇಳಿದರು: "ನನ್ನ ಮಗಳು ತೀರಿಕೊಂಡ ವರ್ಷದಿಂದ ಬರಿಯಾಕತ್ತೇನಿ ನಾನು. ಒಂಬತ್ತು ವರ್ಷದಾಕಿ ಇದ್ಲು..." ನಾನು ಮುಂದೆ ಕೇಳಲಿಲ್ಲ.

ತಿಂಗಳು ತುಂಬಿದ ಮೇಲೆ ಡಾಕ್ಟರ ಚೀಟಿಯೊಡನೆ ಮತ್ತೆ ಸ್ಟೇರಿಂಗ್ ಹಿಡಿದೆ. ಅಕ್ಕೋರು ಅದೇ ಸೀಟಿನಲ್ಲಿ ಕೂತಿದ್ದರು. ಅಂದಿನಿಂದ ದಿನಾ ಹತ್ತುವಾಗ "ನಮಸ್ಕಾರ್ರಿ" ಬದಲು "ರಾತ್ರಿ ಮಲಗಿದ್ರೇನು?" ಎಂದೇ ಕೇಳುತ್ತಿದ್ದರು. ಮೇವಿನ ಹೆಂಗಸು ರಸ್ತೆಯಲ್ಲಿ ಸಿಕ್ಕರೆ ಕೈ ಎತ್ತುತ್ತಿದ್ದಳು, ನಾನು ಹಾರ್ನ್ ಹೊಡೆಯದೆ ಗಾಡಿ ನಿಧಾನ ಮಾಡುತ್ತಿದ್ದೆ. ಬರೆಯುವುದನ್ನು ನಾನು ಬಿಡಲಿಲ್ಲ. ಮನೆಯಲ್ಲಿ ಸಿಟ್ಟಿನಿಂದ ಆಡಿದ ಮಾತು ರಾತ್ರಿ ಕಾಗದದ ಮೇಲೆ ಬಂದಾಗ ಎಷ್ಟು ಸಣ್ಣದಾಗಿ ಕಾಣುತ್ತದೆಂದು ಗೊತ್ತಾದ ಮೇಲೆ, ಹಾಗೆ ಆಡುವುದೇ ಕಡಿಮೆಯಾಯಿತು. ಹೆಂಡತಿ ಇದನ್ನು ಗಮನಿಸಿದಳು. ಪ್ರತಿ ಜೂನ್‌ನಲ್ಲಿ ಮಕ್ಕಳ ಪುಸ್ತಕಗಳ ಜೊತೆ ನನಗೂ ಎರಡು ನೋಟ್‌ಬುಕ್ ತರತೊಡಗಿದಳು.

ಆಮೇಲೆ ಅಕ್ಕೋರಿಗೆ ನಿವೃತ್ತಿಯಾಯಿತು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಒಂದೆರಡು ಸಲ ಇಳಕಲ್‌ನ ಅವರ ಮನೆಗೆ ಹೋಗಿ ಬಂದೆ. ನನ್ನ ಮಾರ್ಗ ಬದಲಾಗಿ ಬಾದಾಮಿ ಕಡೆಗೆ ಡ್ಯೂಟಿ ಬಿದ್ದ ಮೇಲೆ ಅದೂ ತಪ್ಪಿತು. ಹೋದ ಚಳಿಗಾಲದಲ್ಲಿ ಹಳೆಯ ಕಂಡಕ್ಟರ್ ಫೋನ್ ಮಾಡಿ, ಅಕ್ಕೋರು ಹೋಗಿ ಹದಿನೈದು ದಿನವಾಯಿತು ಅಂದ. ಬೆಳಿಗ್ಗೆ ಎಬ್ಬಿಸಲು ಹೋದಾಗ ಏಳಲೇ ಇಲ್ಲವಂತೆ.

ಮರುದಿನವೇ ಹೋದೆ. ಅವರ ಅಕ್ಕನ ಮಗಳು ಮನೆ ಒಪ್ಪ ಮಾಡುತ್ತಿದ್ದಳು. ತಲೆದಿಂಬಿನ ಹತ್ತಿರ ಅರ್ಧ ತುಂಬಿದ ನೋಟ್‌ಬುಕ್ ಇತ್ತು. "ಇದನ್ನೇನ ಮಾಡಬೇಕೋ ತಿಳಿವಲ್ದು. ನೀವ ಒಯ್ತೀರೇನ್ರಿ?" ಎಂದು ನನ್ನ ಕೈಗೆ ಕೊಟ್ಟಳು. ರಟ್ಟಿನ ಮೇಲೆ ಅವರ ದುಂಡು ಅಕ್ಷರ. ತೆರೆಯಲು ಮನಸ್ಸಾಗಲಿಲ್ಲ. ನನ್ನದನ್ನು ಅವರು ಒಂದು ಸಾಲೂ ಓದಿರಲಿಲ್ಲ. ಇದ್ದ ಜಾಗದಲ್ಲೇ ಇಟ್ಟು ಬಂದೆ.

ಬರುವ ದಾರಿಯಲ್ಲಿ ಮೇವಿನ ಹೆಂಗಸಿನ ಊರಿನಲ್ಲಿ ಇಳಿದೆ. ಅವಳಿಗೆ ಯಾರು ಹೇಳುತ್ತಾರೆ? ಈಗ ಮುದುಕಿಯಾಗಿದ್ದಾಳೆ, ಕಿವಿ ಮಂದ. ಸುದ್ದಿಯನ್ನು ಎರಡು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಆಮೇಲೆ ಕೇಳಿದಳು: "ನಮ್ಮಿಬ್ಬರ ನಿದ್ದಿ ಚಿಂತಿ ಮಾಡಿದ್ಲು. ಆಕಿಗೆ ಛಲೋ ನಿದ್ದಿ ಬರತಿತ್ತೇನೋ ತಮ್ಮಾ?"

ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಪ್ರತಿ ಬೆಳಿಗ್ಗೆ ಅವರು ನನ್ನನ್ನು ಕೇಳಿದ್ದರು. ನಾನು ಅವರನ್ನು ಒಂದು ದಿನವೂ ಕೇಳಿರಲಿಲ್ಲ.

ಈಗ ನಾನೂ ನಿವೃತ್ತ. ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿಯನ್ನು, ಮಗನನ್ನು, ಸೊಸೆಯನ್ನು ರಾತ್ರಿ ನಿದ್ದೆ ಬಂತೇ ಎಂದು ತಪ್ಪದೆ ಕೇಳುತ್ತೇನೆ. ಎಲ್ಲರೂ ಹೂಂ ಅನ್ನುತ್ತಾರೆ. ಕೇಳಬೇಕಾಗಿದ್ದವರೊಬ್ಬರು ಮಾತ್ರ ಇಲ್ಲ.